ನಡುವಿನ ಮನೆಯ ಆದಾಯ ಎಷ್ಟು?

(ದಾಂಡೇಲಿಯಲ್ಲಿ ನಡೆದ, ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳ ಜಮಾಅತ್ ಪ್ರತಿನಿಧಿಗಳ ಹಾಗೂ ಹೆತ್ತವರ ಸಭೆಯಲ್ಲಿ ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆ ಏಕೆ ಸೇರಿದೆಯೆಂಬುದು ತಮಗೆಲ್ಲ ತಿಳಿದಿದೆ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಸಂಗ್ರಹವಾಗಿರುವ ನಿಧಿಯನ್ನು ನಾಲ್ಕು ತಾಲೂಕುಗಳಿಗೆ ಹೇಗೆ ಹಂಚಬೇಕೆಂಬುದು ತೀರ್ಮಾನವಾಗಬೇಕು. ಬೆಳಗಿನಿಂದ ನಾಲ್ಕು ಮನವಿಗಳನ್ನು ಕೇಳಿದ್ದೇವೆ. ಜೋಯಿಡಾದವರು ತಮ್ಮದು ಕಾಡಿನ ತಾಲೂಕು, ತಮಗಿಂತ ಬಡವರು ಯಾರೂ ಇಲ್ಲವೆಂದರು. ಕಾರ್ಖಾನೆಗಳು ಮುಚ್ಚಿ ಹೋದ ಊರಿನ ಕಷ್ಟ ಇತರರಿಗೆ ಅರ್ಥವಾಗದೆಂಬುದು ದಾಂಡೇಲಿಯವರ ಮಾತು. ಮುಂಡಗೋಡದವರು ಮಳೆ ಮತ್ತು ಗೋವಿನಜೋಳದ ಬೆಲೆಯನ್ನು ಮುಂದಿಟ್ಟರು. ಹಳಿಯಾಳದವರು, ತಮ್ಮಲ್ಲಿ ಕಬ್ಬಿದೆಯೆಂದು ಎಲ್ಲರೂ ತಿಳಿದಿದ್ದಾರೆ, ಕಬ್ಬು ಇರುವುದು ಯಾರ ಹೊಲದಲ್ಲಿ ಎಂದು ಯಾರೂ ಕೇಳುವುದಿಲ್ಲ ಎಂದರು. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ನಾನು ಹೇಳಬೇಕೆಂದಿರುವುದೆಲ್ಲ ಆ ಒಂದು ಪ್ರಶ್ನೆಯಲ್ಲಿಯೇ ಅಡಗಿದೆ.

ನಾಲ್ವರೂ ಸುಳ್ಳು ಹೇಳಿಲ್ಲ. ಆದರೆ ನಾಲ್ವರಲ್ಲಿ ಒಬ್ಬರ ಬಳಿಯೂ ಅಂಕಿಯಿರಲಿಲ್ಲ. ಅದು ಅವರ ತಪ್ಪಲ್ಲ. ಈ ದೇಶದಲ್ಲಿ ಒಂದು ತಾಲೂಕಿನ ಸಾಧಾರಣ ಕುಟುಂಬವೊಂದು ವರ್ಷಕ್ಕೆ ಎಷ್ಟು ಗಳಿಸುತ್ತದೆಯೆಂಬುದನ್ನು ಹೇಳುವ ಸರಕಾರಿ ದಾಖಲೆಯೇ ಇಲ್ಲ. ನಮ್ಮ ಜನಗಣತಿಯು ಮನೆಗೆ ಹೆಂಚಿದೆಯೇ, ಶೌಚಾಲಯವಿದೆಯೇ, ಸೈಕಲ್ ಇದೆಯೇ ಎಂದು ಕೇಳುತ್ತದೆ. ಆದಾಯವೆಷ್ಟು ಎಂದು ಕೇಳುವುದಿಲ್ಲ.

ಹಾಗಾದರೆ ಆದಾಯದ ಪ್ರಮಾಣಪತ್ರವಿದೆಯಲ್ಲ ಎಂದು ತಾವು ಕೇಳಬಹುದು. ಆ ವಿಷಯದಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. ಉಪನ್ಯಾಸಕನಾಗಿದ್ದಷ್ಟು ಕಾಲ ವಿದ್ಯಾರ್ಥಿವೇತನದ ನೂರಾರು ಅರ್ಜಿಗಳನ್ನು ನಾನೇ ಕುಳಿತು ತುಂಬಿಸಿದ್ದೇನೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಆದಾಯದ ಮಿತಿಯು ಗ್ರಾಮಗಳಲ್ಲಿ ವರ್ಷಕ್ಕೆ 12 ಸಾವಿರ, ಪಟ್ಟಣಗಳಲ್ಲಿ 17 ಸಾವಿರ ರೂಪಾಯಿ ಇದ್ದ ಕಾಲವೊಂದಿತ್ತು. ಆಗ ನಮ್ಮ ಸೀಮೆಯ ಬಹುತೇಕ ಮನೆಗಳ ಆದಾಯ ಸರಿಯಾಗಿ 11 ಸಾವಿರ ರೂಪಾಯಿ! ಹಮಾಲಿ ಮಾಡುವವನದೂ 11 ಸಾವಿರ, ಬಟ್ಟೆ ಅಂಗಡಿಯವನದೂ 11 ಸಾವಿರ. ಮಿತಿಯು 1 ಲಕ್ಷ 20 ಸಾವಿರಕ್ಕೆ ಏರಿದ ಮೇಲೆ ಎಲ್ಲರ ಆದಾಯವೂ ಒಮ್ಮೆಲೇ ಏರಿತು, ಆದರೆ ಹೊಸ ಗೆರೆಯನ್ನು ಯಾರೂ ದಾಟಲಿಲ್ಲ. ಒಮ್ಮೆ ಒಬ್ಬ ಹುಡುಗ ನನ್ನ ಬಳಿ ಎರಡು ಕಾಗದ ಹಿಡಿದುಕೊಂಡು ಬಂದ. ಒಂದು ವಿದ್ಯಾರ್ಥಿವೇತನಕ್ಕೆ, ಇನ್ನೊಂದು ಶಿಕ್ಷಣ ಸಾಲಕ್ಕೆ. ಮೊದಲನೆಯದರಲ್ಲಿ ತಂದೆಯ ಆದಾಯ 60 ಸಾವಿರ, ಎರಡನೆಯದರಲ್ಲಿ 4 ಲಕ್ಷ. ಎರಡೂ ಅದೇ ತಿಂಗಳಿನವು. "ಸರ್, ಇವೆರಡರಲ್ಲಿ ನಮ್ಮದು ಯಾವುದು?" ಎಂದು ಕೇಳಿದ. ಹುಡುಗ ತಮಾಷೆ ಮಾಡುತ್ತಿರಲಿಲ್ಲ. ತಂದೆ ಎಷ್ಟು ಗಳಿಸುತ್ತಾರೆಂಬುದು ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ನಾನು ಉತ್ತರ ಹೇಳದೆ ಎರಡಕ್ಕೂ ಸಹಿ ಹಾಕಿಸಿದೆ.

ಅಂದು ನಾನು ಒಂದು ಮನೆಗೆ ಉಪಕಾರ ಮಾಡಿದೆನೆಂದು ತಿಳಿದಿದ್ದೆ. ಆದರೆ ಇದರ ಪರಿಣಾಮವೇನೆಂದು ಯೋಚಿಸಿ. ಗೆರೆಯ ಕೆಳಗೆ ಎಲ್ಲರೂ ಒತ್ತಾಗಿ ನಿಂತಾಗ ನಿಜವಾಗಿಯೂ ಅಲ್ಲಿರುವ ಮನೆಯು ಕಣ್ಣಿಗೆ ಬೀಳುವುದಿಲ್ಲ. ವಿಧವೆಯೊಬ್ಬಳು ನಾಲ್ಕು ಮನೆಗಳ ಪಾತ್ರೆ ತೊಳೆದು ಗಳಿಸುವ ಆದಾಯವೂ, ಎರಡು ಲಾರಿಗಳ ಮಾಲೀಕರ ಆದಾಯವೂ ಕಾಗದದ ಮೇಲೆ ಒಂದೇ. ಹೀಗಿರುವಾಗ ಯಾರಿಗೆ ಮೊದಲು ಕೊಡಬೇಕೆಂದು ಯಾವ ಸಮಿತಿ ತಾನೇ ನಿರ್ಧರಿಸೀತು?

ಸರಕಾರಕ್ಕೂ ಇದೇ ತೊಡಕು ಎದುರಾಗಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯು 1950 ಮತ್ತು 60ರ ದಶಕಗಳಲ್ಲಿ ಮನೆಗಳ ಆದಾಯವನ್ನು ಕೇಳಿ ನೋಡಿತು. 1983-84ರಲ್ಲಿ ಮತ್ತೆ ಪ್ರಾಯೋಗಿಕವಾಗಿ ಕೇಳಿತು. ಜನರು ಹೇಳಿದ ಆದಾಯವು ಅವರೇ ಹೇಳಿದ ಖರ್ಚು ಹಾಗೂ ಉಳಿತಾಯಗಳನ್ನು ಕೂಡಿಸಿದ ಮೊತ್ತಕ್ಕಿಂತ ಕಡಿಮೆ ಬಂದಿತು. ಕೊನೆಗೆ ಆದಾಯದ ಗೊಡವೆಯನ್ನು ಬಿಟ್ಟು, ಎಷ್ಟು ಖರ್ಚು ಮಾಡಿದಿರಿ ಎಂದಷ್ಟೇ ಕೇಳತೊಡಗಿದರು. 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿಯು ಮುಸ್ಲಿಮರ ಆರ್ಥಿಕ ಸ್ಥಿತಿಯನ್ನು ಅಳೆದದ್ದೂ ಈ ಖರ್ಚಿನ ಲೆಕ್ಕದಿಂದಲೇ. 2004-05ರಲ್ಲಿ ತಲೆಗೆ ತಿಂಗಳ ಖರ್ಚು ದೇಶದ ಸರಾಸರಿ 712 ರೂಪಾಯಿ ಇದ್ದಾಗ ಮುಸ್ಲಿಮರದು 635 ಇತ್ತು. ಆ ಅಂಕಿಯನ್ನು ನಮ್ಮ ವೇದಿಕೆಗಳಲ್ಲಿ ಎಷ್ಟು ಬಾರಿ ಉದ್ಧರಿಸಿಲ್ಲ! ಆದರೆ ಅದು ಇಡೀ ದೇಶದ ಅಂಕಿ. ಕೇರಳದ ವ್ಯಾಪಾರಿಯೂ ಬಿಹಾರದ ಕೂಲಿಯೂ ಅದರಲ್ಲಿ ಬೆರೆತಿದ್ದಾರೆ. ಅದನ್ನು ತಂದು ಜೋಯಿಡಾಕ್ಕೆ ಅಂಟಿಸಲಾಗದು.

ಇನ್ನು ಸರಾಸರಿಯ ವಿಷಯ. ಸಹೋದರರೇ, ಸರಾಸರಿಯೆಂಬುದು ಬಡವರ ವಿಷಯದಲ್ಲಿ ಬಹಳ ಅಪಾಯಕಾರಿಯಾದ ಅಂಕಿ. ಒಂದು ಓಣಿಯಲ್ಲಿ ಐದು ಮನೆಗಳಿವೆಯೆಂದು ಊಹಿಸಿಕೊಳ್ಳಿ. ಕೂಲಿಯವನ ಮನೆಗೆ ತಿಂಗಳಿಗೆ 8 ಸಾವಿರ, ಹೊಲಿಗೆ ಕೆಲಸದ ಮನೆಗೆ 11 ಸಾವಿರ, ಆಟೋದವನಿಗೆ 14 ಸಾವಿರ, ಚಿಕ್ಕ ಅಂಗಡಿಯವನಿಗೆ 18 ಸಾವಿರ, ದೊಡ್ಡ ಹುದ್ದೆಯ ಅಧಿಕಾರಿಯ ಮನೆಗೆ 90 ಸಾವಿರ ಬರುತ್ತದೆ. ಒಟ್ಟು 1 ಲಕ್ಷ 41 ಸಾವಿರ. ಐದರಿಂದ ಭಾಗಿಸಿದರೆ 28,200. ಆ ಓಣಿಯಲ್ಲಿ 28 ಸಾವಿರದ ಮನೆ ಯಾವುದಿದೆ? ಒಂದೂ ಇಲ್ಲ. ಐದು ಮನೆಗಳನ್ನು ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ನಡುವಿನದನ್ನು ನೋಡಿ: ಆಟೋದವನ ಮನೆ, 14 ಸಾವಿರ. ಅರ್ಧ ಜನ ಅದಕ್ಕಿಂತ ಕೆಳಗೆ, ಅರ್ಧ ಜನ ಮೇಲೆ. ಇದನ್ನು ಸಂಖ್ಯಾಶಾಸ್ತ್ರದಲ್ಲಿ ಮಧ್ಯಾಂಕವೆನ್ನುತ್ತೇವೆ. ಅಧಿಕಾರಿಯ ಸಂಬಳವು ನಾಳೆ ಎರಡು ಲಕ್ಷವಾದರೂ ಮಧ್ಯಾಂಕವು ಕದಲುವುದಿಲ್ಲ. ಸರಾಸರಿ ಮಾತ್ರ 50 ಸಾವಿರವನ್ನು ದಾಟಿ, ಓಣಿಯೇ ಶ್ರೀಮಂತವಾಯಿತೆಂದು ಸಾರುತ್ತದೆ.

ಇದು ಬರೀ ಕಲ್ಪನೆಯ ಓಣಿಯ ಕಥೆಯಲ್ಲ. ನವದೆಹಲಿಯ ಎನ್‌ಸಿಎಇಆರ್ ಸಂಸ್ಥೆಯೂ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯವೂ ಸೇರಿ 2004-05ರಲ್ಲಿ ದೇಶದ 41,554 ಮನೆಗಳ ಸಮೀಕ್ಷೆ ನಡೆಸಿದವು. ವಾರ್ಷಿಕ ಆದಾಯದ ಸರಾಸರಿ ಸುಮಾರು 48 ಸಾವಿರ ರೂಪಾಯಿ ಬಂದಿತು. ಮಧ್ಯಾಂಕವು ಸುಮಾರು 28 ಸಾವಿರ ಮಾತ್ರ. ಈ ಎರಡರ ನಡುವಿನ 20 ಸಾವಿರದ ಅಂತರವೇ ಈ ದೇಶದ ಅಸಮಾನತೆಯ ಚಿತ್ರ.

ನಮ್ಮ ಜಿಲ್ಲೆಯ ತಲಾ ಆದಾಯವನ್ನು ಪತ್ರಿಕೆಗಳಲ್ಲಿ ಓದುವಾಗ ಈ ಮಾತನ್ನು ನೆನಪಿಡಬೇಕು. ಕಾರವಾರ ತಾಲೂಕಿನ ಕೈಗಾದಲ್ಲಿ 880 ಮೆಗಾವ್ಯಾಟ್‌ನ ಅಣು ವಿದ್ಯುತ್ ಸ್ಥಾವರವಿದೆ. ಕಾಳಿ ನದಿಯುದ್ದಕ್ಕೂ ಸೂಪಾದಿಂದ ಕದ್ರಾದವರೆಗೆ ಜಲವಿದ್ಯುತ್ ಕೇಂದ್ರಗಳಿವೆ. ಅಲ್ಲಿ ಉತ್ಪತ್ತಿಯಾಗುವ ವಿದ್ಯುತ್ತಿನ ಮೌಲ್ಯವು ಜಿಲ್ಲೆಯ ಉತ್ಪನ್ನದ ಲೆಕ್ಕಕ್ಕೆ ಸೇರುತ್ತದೆ, ನಂತರ ಅದನ್ನು ತಲೆಗೆ ಭಾಗಿಸುತ್ತಾರೆ. ಆ ಹಣವು ಜೋಯಿಡಾದ ಕುಣಬಿ ರೈತನ ಮನೆಗೆ ಬಂದದ್ದುಂಟೇ? ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿತು. ಅಲ್ಲಿಯ ಜನ ರಾಮನಗರಕ್ಕೆ ಬಂದು ಹೊಸದಾಗಿ ಒಲೆ ಹೂಡಬೇಕಾಯಿತು. ಅಂಕಿಯಲ್ಲಿ ಮಾತ್ರ ಅವರು ವಿದ್ಯುತ್ತಿನ ಪಾಲುದಾರರು. ತಲಾ ಆದಾಯವು ಉತ್ಪನ್ನವನ್ನು ಅಳೆಯುತ್ತದೆ, ಮನೆಗೆ ಬಂದ ಹಣವನ್ನಲ್ಲ.

ಜಿಲ್ಲೆಯೆಂಬುದೇ ದೊಡ್ಡ ಗಾತ್ರ. ರಾಷ್ಟ್ರೀಯ ಮಾದರಿ ಸಮೀಕ್ಷೆಯು ಅದಕ್ಕಿಂತಲೂ ದೊಡ್ಡ ವಲಯಗಳನ್ನು ಮಾಡಿಕೊಂಡಿತ್ತು. ಅದರ ಪಟ್ಟಿಯಲ್ಲಿ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡಗಳು ಸೇರಿ ಕರಾವಳಿ ಮತ್ತು ಘಟ್ಟದ ಒಂದೇ ವಲಯ. ಎಂದರೆ ಜೋಯಿಡಾದ ಕಾಡಿನ ಮನೆಯೂ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೂ ಒಂದೇ ತಕ್ಕಡಿಯಲ್ಲಿ! 2025ರ ಜನವರಿಯಿಂದ ಜಿಲ್ಲೆಯನ್ನೇ ಮೂಲ ಘಟಕವಾಗಿ ಮಾಡಿಕೊಂಡಿರುವುದು ಸ್ವಾಗತಾರ್ಹ. ಆದರೆ ನಮ್ಮ ಜಿಲ್ಲೆಯಲ್ಲಿ ಭಟ್ಕಳವೂ ಇದೆ, ಮುಂಡಗೋಡವೂ ಇದೆ. ಕೊಲ್ಲಿ ದೇಶಗಳಿಂದ ಹಣ ಬರುವ ಕರಾವಳಿಯ ಪಟ್ಟಣವನ್ನೂ ಮಳೆಯನ್ನು ನಂಬಿದ ಘಟ್ಟದ ಮೇಲಿನ ಹಳ್ಳಿಯನ್ನೂ ಕೂಡಿಸಿ ಭಾಗಿಸಿದರೆ ಎರಡರ ಸತ್ಯವೂ ಕಳೆದುಹೋಗುತ್ತದೆ. ಸಾಚಾರ್ ವರದಿಯ ನಂತರ ಕೇಂದ್ರ ಸರಕಾರವು ಅಲ್ಪಸಂಖ್ಯಾತರು ಹೆಚ್ಚಿರುವ 90 ಜಿಲ್ಲೆಗಳನ್ನು ಆರಿಸಿ ಕಾರ್ಯಕ್ರಮ ರೂಪಿಸಿತು. ಕೆಲವೇ ವರ್ಷಗಳಲ್ಲಿ, ಹನ್ನೆರಡನೆಯ ಯೋಜನೆಯ ಕಾಲಕ್ಕೆ, ಜಿಲ್ಲೆಯನ್ನು ಬಿಟ್ಟು ಬ್ಲಾಕ್ ಹಾಗೂ ಪಟ್ಟಣಗಳ ಮಟ್ಟಕ್ಕೆ ಇಳಿಯಬೇಕಾಯಿತು. ಕರ್ನಾಟಕದಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಮೊದಲಿನಿಂದಲೇ ತಾಲೂಕನ್ನು ಹಿಡಿದು ಲೆಕ್ಕ ಹಾಕಿತು. 175 ತಾಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಗುರುತಿಸಿತು. ಆ ಸಮಿತಿಯ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಆದರೆ ಅದೂ ನೀರಾವರಿ, ರಸ್ತೆ, ಶಾಲೆ, ಬ್ಯಾಂಕುಗಳಂಥ ಸೂಚಕಗಳನ್ನು ಬಳಸಿಕೊಂಡಿತೇ ವಿನಾ ಮನೆಯ ಆದಾಯವನ್ನು ಅಳೆಯಲು ಅದರ ಬಳಿಯೂ ಸಾಧನವಿರಲಿಲ್ಲ.

ಒಂದು ಬಾರಿ ದೇಶದ ಪ್ರತಿಯೊಂದು ಗ್ರಾಮೀಣ ಮನೆಯಲ್ಲೂ ಗಳಿಕೆಯ ವಿಷಯವನ್ನು ಕೇಳಲಾಯಿತು. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ. ಮನೆಯಲ್ಲಿ ಹೆಚ್ಚು ಗಳಿಸುವ ಸದಸ್ಯನ ತಿಂಗಳ ಆದಾಯವು 5 ಸಾವಿರಕ್ಕಿಂತ ಕಡಿಮೆಯೋ, 5ರಿಂದ 10 ಸಾವಿರವೋ, ಅದಕ್ಕಿಂತ ಹೆಚ್ಚೋ ಎಂದು ಮೂರೇ ಮನೆ ಹಾಕಿದ್ದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಶೇಕಡಾ 74.5ರಷ್ಟು ಮೊದಲ ಮನೆಯಲ್ಲಿಯೇ ನಿಂತವು. ಈಗ ಮಧ್ಯಾಂಕ ಎಲ್ಲಿದೆ? ಮೊದಲ ಮನೆಯೊಳಗೆ ಎಲ್ಲೋ ಇದೆ. 2 ಸಾವಿರವೋ 4,800ವೋ ಹೇಳಲಾಗದು. ನಾಲ್ಕರಲ್ಲಿ ಮೂರು ಕುಟುಂಬಗಳು ಒಂದೇ ಕೋಣೆಯಲ್ಲಿ ತುಂಬಿಕೊಳ್ಳುವಂತೆ ಪ್ರಶ್ನೆಯನ್ನು ರೂಪಿಸಿದರೆ, ಎಷ್ಟೇ ಕೋಟಿ ಮನೆಗಳಿಗೆ ಹೋದರೂ ಪ್ರಯೋಜನವಿಲ್ಲ.

ಅಮೆರಿಕದಲ್ಲಿ ನಮ್ಮ ಜಿಲ್ಲೆ-ತಾಲೂಕುಗಳ ನಡುವಿನ ಗಾತ್ರದ ಕೌಂಟಿಗಳೆಂಬ ಆಡಳಿತ ಘಟಕಗಳು ಮೂರು ಸಾವಿರಕ್ಕೂ ಹೆಚ್ಚಿವೆ. ಅವುಗಳಲ್ಲಿ ಪ್ರತಿಯೊಂದರ ಕೌಟುಂಬಿಕ ಆದಾಯದ ಮಧ್ಯಾಂಕವನ್ನು ಅಲ್ಲಿಯ ಜನಗಣತಿ ಇಲಾಖೆಯು ಪ್ರತಿವರ್ಷ ಅಂದಾಜು ಮಾಡಿ ಪ್ರಕಟಿಸುತ್ತದೆ. 1990ರ ದಶಕದಲ್ಲಿ ಈ ಕೆಲಸ ಆರಂಭವಾಯಿತು. ಬಡ ಮಕ್ಕಳ ಶಾಲೆಗಳಿಗೆ ಕೇಂದ್ರದ ಹಣವನ್ನು ಹಂಚಲು ಹತ್ತು ವರ್ಷ ಹಳೆಯ ಜನಗಣತಿಯನ್ನು ನಂಬಲಾಗದೆಂದು ಅಲ್ಲಿಯ ಸಂಸತ್ತು 1994ರಲ್ಲಿ ಕಾನೂನು ಮಾಡಿತು. ನಮ್ಮ ಇಂದಿನ ಸಭೆಯ ಸಮಸ್ಯೆಯೂ ಇದೇ ಅಲ್ಲವೇ?

ಅವರು ಮಾಡುವುದೇನು? ಸಮೀಕ್ಷೆಗೆ ಸಿಕ್ಕುವ ಮನೆಗಳು ಚಿಕ್ಕ ಕೌಂಟಿಯಲ್ಲಿ ಬಹಳ ಕಡಿಮೆ. ಅಷ್ಟನ್ನೇ ನೆಚ್ಚಿದರೆ ಒಂದು ವರ್ಷ ಆದಾಯ ಹಾರುತ್ತದೆ, ಮರುವರ್ಷ ಬೀಳುತ್ತದೆ; ನಿಜದಲ್ಲಿ ಏನೂ ಆಗಿರುವುದಿಲ್ಲ. ಆದ್ದರಿಂದ ಆದಾಯ ತೆರಿಗೆಯ ದಾಖಲೆ, ಬಡವರ ಆಹಾರ ನೆರವಿನ ಫಲಾನುಭವಿಗಳ ಸಂಖ್ಯೆ, ಹಿಂದಿನ ಜನಗಣತಿ ಇವೆಲ್ಲವನ್ನು ನೋಡಿ, ಇಂಥ ಲಕ್ಷಣಗಳ ಕೌಂಟಿಯಲ್ಲಿ ಇಷ್ಟು ಆದಾಯವಿರಬೇಕೆಂದು ಇನ್ನೊಂದು ಅಂದಾಜು ಮಾಡುತ್ತಾರೆ. ಬಳಿಕ ಎರಡನ್ನೂ ಅವುಗಳ ನಂಬಿಕೆಯ ಪ್ರಮಾಣಕ್ಕೆ ತಕ್ಕಂತೆ ಬೆರೆಸುತ್ತಾರೆ. ಉದಾಹರಣೆಗೆ ಕೆಲವೇ ಮನೆಗಳ ಸಮೀಕ್ಷೆಯು 12 ಸಾವಿರವೆಂದಿತು, ಲಕ್ಷಣಗಳ ಲೆಕ್ಕವು 15 ಸಾವಿರವೆಂದಿತು ಎನ್ನೋಣ. ಸಮೀಕ್ಷೆಯ ಮನೆಗಳು ಕಡಿಮೆಯಾದ್ದರಿಂದ ಅದಕ್ಕೆ ಮೂರರಲ್ಲಿ ಒಂದು ಪಾಲು, ಇನ್ನೊಂದಕ್ಕೆ ಎರಡು ಪಾಲು ತೂಕ ಕೊಟ್ಟರೆ 14 ಸಾವಿರ ಬರುತ್ತದೆ. ಮನೆಗಳು ಹೆಚ್ಚಾದಂತೆ ಸಮೀಕ್ಷೆಯ ತೂಕವೂ ಹೆಚ್ಚುತ್ತದೆ. ಚಿಕ್ಕ ಪ್ರದೇಶಗಳ ಅಂದಾಜಿನ ಗುಟ್ಟೆಲ್ಲ ಇಷ್ಟೇ.

ನಮ್ಮಲ್ಲಿ ಈ ವಿಧಾನವನ್ನು ಹಾಗೆಯೇ ತರಲಾಗದು. ಆದಾಯ ತೆರಿಗೆಯ ವಿವರ ತುಂಬಿಸುವವರು ಕೆಲವೇ ಜನ. ಅವರ ಆಹಾರ ನೆರವಿಗೆ ಸಮನಾದುದು ನಮ್ಮ ರೇಷನ್ ಕಾರ್ಡು. ಆದರೆ ಆ ಕಾರ್ಡು ನಿಂತಿರುವುದು ನಾನು ಮೊದಲು ಹೇಳಿದ ಪ್ರಮಾಣಪತ್ರದ ಮೇಲೆ! ನಾವು ಹೇಳಿದ ಒಂದು ಸುಳ್ಳು ಎಲ್ಲಿಯವರೆಗೆ ಹರಿದು ಹೋಗುತ್ತದೆ ನೋಡಿ.

ಕಾಲದ ಓಟದ ಜೊತೆಗೆ ಆದಾಯವನ್ನು ಹೋಲಿಸುವುದು ಇನ್ನೂ ಕಠಿಣ. ಮೊದಲನೆಯದಾಗಿ ತಾಲೂಕೇ ಬದಲಾಗಿದೆ. ದಾಂಡೇಲಿ 2018ರಲ್ಲಿ ಹಳಿಯಾಳದಿಂದ ಬೇರ್ಪಟ್ಟು ತಾಲೂಕಾಯಿತು. ಅದಕ್ಕಿಂತ ಹಿಂದಿನ ಹಳಿಯಾಳದ ಯಾವುದೇ ಅಂಕಿಯಲ್ಲಿ ಕಾಗದ ಕಾರ್ಖಾನೆಯ ಖಾಯಂ ನೌಕರರ ಸಂಬಳವೂ ಸೇರಿದೆ. ಈಗಿನ ಹಳಿಯಾಳವನ್ನು 2011ರ ಹಳಿಯಾಳದೊಂದಿಗೆ ಹೋಲಿಸಿ, ತಾಲೂಕು ಹಿಂದಕ್ಕೆ ಬಿದ್ದಿತೆಂದು ಯಾರಾದರೂ ಮನವಿ ಬರೆದರೆ ಅದು ಗಡಿಗೆರೆಯ ಮಾಯೆಯೇ ಹೊರತು ಬಡತನದ ಸಾಕ್ಷಿಯಲ್ಲ. ಊರು, ಗ್ರಾಮ ಪಂಚಾಯತುಗಳ ಮಟ್ಟಕ್ಕೆ ಹೋಗಿ ಹಳೆಯ ಅಂಕಿಗಳನ್ನು ಹೊಸ ಗಡಿಗೆ ಹೊಂದಿಸಿದ ಮೇಲೆಯೇ ಹೋಲಿಕೆ ಸಲ್ಲುತ್ತದೆ.

ಎರಡನೆಯದು ರೂಪಾಯಿಯ ಬೆಲೆ. ದೇಶದ ಗ್ರಾಮೀಣ ಪ್ರದೇಶದಲ್ಲಿ ತಲೆಗೆ ತಿಂಗಳ ಖರ್ಚು 2011-12ರಲ್ಲಿ 1,430 ರೂಪಾಯಿ ಇದ್ದದ್ದು 2023-24ರಲ್ಲಿ 4,122 ಆಯಿತು. ಹೆಚ್ಚುಕಡಿಮೆ ಮೂರು ಪಟ್ಟು. ಆದರೆ ಬೆಲೆಯೇರಿಕೆಯನ್ನು ಕಳೆದು 2011-12ರ ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ಅದು 2,079 ಮಾತ್ರವೆಂದು ಸರಕಾರವೇ ಹೇಳಿದೆ. ನಿಜವಾದ ಹೆಚ್ಚಳ ಶೇಕಡಾ 45. ಇದೇ ಅಳತೆಗೋಲನ್ನು ಕೂಲಿಗೂ ಇಡಿ. ಉದ್ಯೋಗ ಖಾತ್ರಿಯ ದಿನಗೂಲಿ ಕರ್ನಾಟಕದಲ್ಲಿ 2011ರಲ್ಲಿ 125 ರೂಪಾಯಿ, 2023-24ರಲ್ಲಿ 316. ಕೇಳಲು ಎರಡೂವರೆ ಪಟ್ಟು. ಹಳೆಯ ರೂಪಾಯಿಯಲ್ಲಿ ಸುಮಾರು 160. ಹನ್ನೆರಡು ವರ್ಷಗಳಲ್ಲಿ ಕೂಲಿಯವನ ದಿನದ ದುಡಿಮೆಯ ನಿಜವಾದ ಬೆಲೆ ಕಾಲುಭಾಗಕ್ಕಿಂತ ಸ್ವಲ್ಪವೇ ಹೆಚ್ಚಿದೆ. ಕಾರ್ಖಾನೆಯ ಖಾಯಂ ನೌಕರನಿಗೆ ಬೆಲೆ ಸೂಚ್ಯಂಕ ಏರಿದಂತೆ ತುಟ್ಟಿಭತ್ಯೆಯೂ ಏರುತ್ತದೆ. ಅದೇ ಗೇಟಿನ ಹೊರಗೆ ಚಹಾ ಮಾರುವವನಿಗೆ ಯಾವ ಸೂಚ್ಯಂಕವಿದೆ?

ಮೂರನೆಯದನ್ನು ನಾವು ಗಮನಿಸುವುದೇ ಇಲ್ಲ. ಮತ್ತೆ ಆ ಐದು ಮನೆಗಳ ಓಣಿಗೆ ಬನ್ನಿ. 8 ಸಾವಿರದ ಕೂಲಿಯವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗೋವಾಕ್ಕೆ ಹೋದ. ಉಳಿದ ನಾಲ್ಕು ಮನೆಗಳ ನಡುಬಿಂದು 11, 14, 18, 90ರಲ್ಲಿ 14 ಮತ್ತು 18ರ ಮಧ್ಯದ 16 ಸಾವಿರ. ಯಾರ ಗಳಿಕೆಯೂ ಒಂದು ರೂಪಾಯಿ ಹೆಚ್ಚಾಗದೆ ಓಣಿಯ ಮಧ್ಯಾಂಕವು ಎರಡು ಸಾವಿರ ಏರಿತು! ಬಡವನು ಊರು ಬಿಟ್ಟರೆ ಊರು ಶ್ರೀಮಂತವಾಗುತ್ತದೆ. ಇದಕ್ಕೆ ವಿರುದ್ಧವಾದುದೂ ಉಂಟು. ಮೂವತ್ತು ಸಾವಿರದ ಒಂದು ಕೂಡುಕುಟುಂಬವು ಒಲೆ ಬೇರೆ ಮಾಡಿಕೊಂಡು ಹದಿನೈದು ಹದಿನೈದರ ಎರಡು ಮನೆಗಳಾದರೆ, ಯಾರೂ ಬಡವರಾಗದೆ ಅಂಕಿ ಇಳಿಯುತ್ತದೆ. ಆದ್ದರಿಂದ ಮನೆಯ ಆದಾಯದ ಪಕ್ಕದಲ್ಲಿಯೇ ಮನೆಯಲ್ಲಿ ಊಟಕ್ಕೆ ಕೂರುವವರ ಸಂಖ್ಯೆಯನ್ನು ಬರೆಯುವುದು ಕಡ್ಡಾಯ. ಮುಂಡಗೋಡದಲ್ಲಿ ಇನ್ನೊಂದು ತೊಡಕಿದೆ. 1966ರಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರಲ್ಲಿ ಸಾವಿರಾರು ಭಿಕ್ಷುಗಳು ಮಠಗಳಲ್ಲಿ ವಾಸಿಸುತ್ತಾರೆ. ಅವರು ತಾಲೂಕಿನ ಜನಸಂಖ್ಯೆಯಲ್ಲಿದ್ದಾರೆ, ಆದರೆ ಕುಟುಂಬಗಳ ಲೆಕ್ಕಕ್ಕೆ ಬರುವವರಲ್ಲ. ತಲೆಗೆ ಭಾಗಿಸುವವರು ಇದನ್ನು ಮರೆತರೆ ಮುಂಡಗೋಡದ ಅಂಕಿ ಪೂರ್ತಿ ಸೊಟ್ಟಗಾಗುತ್ತದೆ.

ಈಗ ನಮ್ಮ ಕೆಲಸಕ್ಕೆ ಬರೋಣ. ಬೆಳಗ್ಗೆ ಒಬ್ಬ ಹಿರಿಯರು, ಪ್ರತಿ ಮಸೀದಿಯಲ್ಲಿ ಪಟ್ಟಿ ಮಾಡಿ ಎಲ್ಲರ ಆದಾಯವನ್ನು ಓದಿ ಹೇಳಿದರೆ ಸುಳ್ಳು ಹೇಳುವವರು ಸಿಕ್ಕಿಬೀಳುತ್ತಾರೆಂದು ಸಲಹೆ ಕೊಟ್ಟರು. ಅವರ ಮೇಲೆ ನನಗೆ ಗೌರವವಿದೆ, ಆದರೆ ಈ ಸಲಹೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಮಾನವಂತನಾದ ಬಡವನು ಅಂದು ಸಭೆಗೆ ಬರುವುದೇ ಇಲ್ಲ. ಕೈಚಾಚದೆ, ಮುಖದ ಮೇಲೆ ಬಡತನವನ್ನು ತೋರಿಸದೆ ಬದುಕುವವನನ್ನು ಹುಡುಕಿ ತಲುಪಿಸುವುದೇ ಝಕಾತ್ ಹಂಚುವವರ ಹೊಣೆಯಾಗಿರುವಾಗ, ಅವನ ಬಡತನವನ್ನು ಧ್ವನಿವರ್ಧಕದಲ್ಲಿ ಓದುವುದು ಯಾವ ನ್ಯಾಯ?

ಅದು ಬೇಕಾಗಿಯೂ ಇಲ್ಲ. ತಾಲೂಕಿನ ಮಧ್ಯಾಂಕವನ್ನು ತಿಳಿಯಲು ಎಲ್ಲ ಮನೆಗಳನ್ನು ಕೇಳಬೇಕಿಲ್ಲ, ಯಾರ ಹೆಸರನ್ನೂ ಬರೆಯಬೇಕಿಲ್ಲ. ಚೀಟಿ ಎತ್ತಿದಂತೆ, ಯಾರ ಇಷ್ಟಾನಿಷ್ಟಕ್ಕೂ ಒಳಗಾಗದೆ ಒಂದು ತಾಲೂಕಿನಿಂದ 100 ಮನೆಗಳನ್ನು ಆರಿಸಿ ಆದಾಯವನ್ನು ಏರಿಕೆಯ ಕ್ರಮದಲ್ಲಿ ಬರೆದರೆ, ತಾಲೂಕಿನ ನಿಜವಾದ ಮಧ್ಯಾಂಕವು 40ನೆಯ ಮತ್ತು 61ನೆಯ ಮನೆಗಳ ಆದಾಯಗಳ ನಡುವೆ ಇರುತ್ತದೆಯೆಂದು ನೂರಕ್ಕೆ ತೊಂಬತ್ತೈದರಷ್ಟು ಭರವಸೆಯಿಂದ ಹೇಳಬಹುದು. 25 ಮನೆಗಳನ್ನಷ್ಟೇ ಕೇಳಿದರೆ 8ನೆಯ ಮತ್ತು 18ನೆಯ ಮನೆಗಳ ನಡುವೆ. ಆ ಅಂತರ ಬಹಳ ದೊಡ್ಡದು, ಅದರಿಂದ ಎರಡು ತಾಲೂಕುಗಳನ್ನು ಹೋಲಿಸಲಾಗದು. ಆದ್ದರಿಂದ ತಾಲೂಕಿಗೆ ನೂರು, ಒಟ್ಟು ನಾನೂರು ಮನೆಗಳು. ಅಷ್ಟು ಮಾಡಿಯೂ ಎರಡು ತಾಲೂಕುಗಳ ಅಂತರ ಸ್ಪಷ್ಟವಾಗದೆ ಹೋದರೆ, ಅವೆರಡನ್ನು ಸಮಾನವೆಂದೇ ಒಪ್ಪಿ ಸಮನಾಗಿ ಕೊಡುವುದು. ಇದನ್ನು ಈಗಲೇ ಒಪ್ಪಿಕೊಂಡಿರಬೇಕು. ಅಂಕಿ ಬಂದ ಮೇಲೆ ಜಗಳವಾಡುವಂತಿಲ್ಲ.

ಆರಿಸುವುದು ಎಲ್ಲಿಂದ ಎಂಬುದು ಮುಖ್ಯ. ಜಮಾಅತ್ ವಂತಿಗೆಯ ಪುಸ್ತಕದಿಂದ ಮಾತ್ರ ಆರಿಸಿದರೆ ವಂತಿಗೆ ಕೊಡಲಾರದವನು ಆರಂಭದಲ್ಲಿಯೇ ಹೊರಗುಳಿಯುತ್ತಾನೆ. ಗಂಡಸಿಲ್ಲದ ಮನೆ, ಬಾಡಿಗೆಗೆ ಬಂದು ಹೋಗುವವರ ಮನೆ, ಹಳಿಯಾಳದ ಕಡೆಯ ಕಾಡಂಚಿನ ಸಿದ್ದಿ ಮುಸ್ಲಿಮರ ಮನೆ ಇವು ಆ ಪುಸ್ತಕದಲ್ಲಿ ಎಷ್ಟಿವೆಯೆಂದು ತಾವೇ ನೋಡಿಕೊಳ್ಳಿ. ಪಟ್ಟಿಯನ್ನು ಹೊಸದಾಗಿ, ನಡೆದುಕೊಂಡು ಹೋಗಿ ಮಾಡಬೇಕು. ನನ್ನ ಅಭಿಪ್ರಾಯದಲ್ಲಿ ನೆರೆಹೊರೆಯ ಇತರ ಸಮುದಾಯಗಳ ಮನೆಗಳನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು. ಗೌಳಿಯವರ, ಕುಣಬಿಯವರ, ದಲಿತರ ಮನೆಯ ಗಳಿಕೆಯನ್ನು ತಿಳಿಯದೆ ನಾವೇ ಎಲ್ಲರಿಗಿಂತ ಬಡವರೆಂದು ಹೇಳಿಕೊಳ್ಳುವ ಅಭ್ಯಾಸ ನಮಗೆ ಬಂದುಬಿಟ್ಟಿದೆ.

ಕೇಳುವ ಬಗೆಯೂ ಬೇರೆಯಾಗಬೇಕು. "ನಿಮ್ಮ ಆದಾಯವೆಷ್ಟು?" ಎಂದರೆ ಪ್ರಮಾಣಪತ್ರದ ಅಂಕಿಯೇ ಬರುತ್ತದೆ. ನಾನು ಹೇಳಿದ 2004-05ರ ಸಮೀಕ್ಷೆಯಲ್ಲಿ ಐವತ್ತಕ್ಕೂ ಹೆಚ್ಚು ಮೂಲಗಳನ್ನು ಬಿಡಿಬಿಡಿಯಾಗಿ ಕೇಳಿದ್ದರು. ನಾವು ಅಷ್ಟು ಕೇಳಬೇಕಿಲ್ಲ. ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ಸಿಕ್ಕಿತು, ಬೇಸಿಗೆಯಲ್ಲಿ ಎಷ್ಟು ದಿನ? ಹೆಂಗಸರು ಬೀಡಿಯಿಂದ, ಹೊಲಿಗೆಯಿಂದ, ಮನೆಗೆಲಸದಿಂದ ತಂದದ್ದೆಷ್ಟು? ಮನೆಯಲ್ಲೇ ಬೆಳೆದು ಉಂಡ ಭತ್ತವೆಷ್ಟು ಚೀಲ? ಗೋವಾದಿಂದಲೋ ಕೊಲ್ಲಿಯಿಂದಲೋ ಮಗ ಕಳಿಸಿದ್ದು? ಗೃಹಲಕ್ಷ್ಮಿಯ ಎರಡು ಸಾವಿರ ಎಷ್ಟು ತಿಂಗಳು ಬಂತು? ಕಾಳಿ ನದಿಯ ರ್‍ಯಾಫ್ಟಿಂಗ್, ಗಣೇಶಗುಡಿಯ ಹೋಮ್‌ಸ್ಟೇಗಳಲ್ಲಿ ದುಡಿಯುವ ಹುಡುಗರ ಡಿಸೆಂಬರಿನ ಗಳಿಕೆಯನ್ನು ಹನ್ನೆರಡರಿಂದ ಗುಣಿಸಿದರೆ ಅವರು ಅಧಿಕಾರಿಗಳಾಗಿಬಿಡುತ್ತಾರೆ. ಜುಲೈಯದನ್ನು ಗುಣಿಸಿದರೆ ಭಿಕ್ಷುಕರು. ಇಡೀ ವರ್ಷವನ್ನು ಕೇಳಬೇಕು. ಕೊನೆಯಲ್ಲಿ ಖರ್ಚನ್ನೂ ಸಾಲವನ್ನೂ ಕೇಳಿ. ಖರ್ಚು ಆದಾಯಕ್ಕಿಂತ ಹೆಚ್ಚಿದ್ದು ಸಾಲವೇನೂ ಇಲ್ಲವೆಂದರೆ, ಸೌಜನ್ಯದಿಂದ ಮತ್ತೊಮ್ಮೆ ಕೇಳಿ. ಹೆಂಗಸರೊಂದಿಗೆ ಮಾತಾಡಲು ಹೆಂಗಸರೇ ಹೋಗಬೇಕು. ಮನೆಯ ಲೆಕ್ಕ ನಿಜವಾಗಿ ಗೊತ್ತಿರುವುದು ಅವರಿಗೇ.

ಕೇಂದ್ರದ ಸಾಂಖ್ಯಿಕ ಸಚಿವಾಲಯವು 2026ರಲ್ಲಿ ದೇಶದ ಮೊದಲ ಕೌಟುಂಬಿಕ ಆದಾಯ ಸಮೀಕ್ಷೆಯನ್ನು ನಡೆಸುವುದಾಗಿ 2025ರ ಜೂನ್‌ನಲ್ಲಿ ಪ್ರಕಟಿಸಿತು. ಸರಕಾರವೇ ಮಾಡುವಾಗ ನಮಗೇಕೆ ಈ ಶ್ರಮ ಎನ್ನುವವರಿದ್ದಾರೆ. ಆ ಸಮೀಕ್ಷೆಯಿಂದ ದೇಶದ, ರಾಜ್ಯದ ಚಿತ್ರ ಸಿಗಬಹುದು. ದಾಂಡೇಲಿಯನ್ನೂ ಜೋಯಿಡಾವನ್ನೂ ಬೇರೆ ಬೇರೆಯಾಗಿ ತೋರಿಸುವಷ್ಟು ಮನೆಗಳು ಅದರಲ್ಲಿ ಇರಲಾರವು. ಅದರವರು ತಮ್ಮ ಬಾಗಿಲಿಗೆ ಬಂದರೆ ನಿಜವನ್ನೇ ಹೇಳಿ. ಆ ಉತ್ತರಕ್ಕೂ ತಮ್ಮ ರೇಷನ್ ಕಾರ್ಡಿಗೂ ಸಂಬಂಧವಿಲ್ಲ. ಸಮೀಕ್ಷೆಯಲ್ಲಿ ಕೊಟ್ಟ ವಿವರವನ್ನು ಹೆಸರು ಹಿಡಿದು ಪ್ರಕಟಿಸಲು ಕಾನೂನು ಬಿಡುವುದಿಲ್ಲ.

ನಮ್ಮ ನಮೂನೆ ಒಂದು ಹಾಳೆಯದು, ಎರಡೂ ಬದಿ. ಮೇಲೆ ಹೆಸರಿನ ಜಾಗವಿಲ್ಲ, ಕ್ರಮಸಂಖ್ಯೆ ಮಾತ್ರ. ಹಿಂಬದಿಯಲ್ಲಿ ಮನೆಯ ಗೋಡೆ, ಚಾವಣಿ, ಗ್ಯಾಸ್, ವಿದ್ಯುತ್ ಬಿಲ್ಲುಗಳ ಪ್ರಶ್ನೆಗಳಿವೆ. ನಾಳೆ ಕೇಳದೆ ಉಳಿದ ಹಳ್ಳಿಗಳ ಅಂದಾಜಿಗೆ ಇವೇ ಆಧಾರ. ಇದೇ ಮನೆಗಳಿಗೆ ಎರಡು ವರ್ಷಗಳ ನಂತರ ಮತ್ತೆ ಹೋಗಬೇಕಾಗುತ್ತದೆ, ಊರು ಬಿಟ್ಟವರು ಎಲ್ಲಿಗೆ ಹೋದರೆಂದೂ ಬರೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಕ್ರಮಸಂಖ್ಯೆ ಮತ್ತು ವಿಳಾಸಗಳ ಪುಸ್ತಕವನ್ನು ಬೇರೆಯಾಗಿಟ್ಟು, ಒಬ್ಬರ ಬಳಿ ಬೀಗ ಹಾಕಿ ಇಡತಕ್ಕದ್ದು. ನನ್ನ ಬಳಿ ಬೇಡ. ಹಳೆಯ ಅರ್ಜಿಗಳ ಕಥೆಯನ್ನು ತಾವು ಈಗಷ್ಟೇ ಕೇಳಿದ್ದೀರಿ.

ಜೋಯಿಡಾ ತಾಲೂಕಿನ ಮನೆಗಳು ದೂರ ದೂರ ಇರುವುದರಿಂದ ಅಲ್ಲಿಗೆ ಹೆಚ್ಚು ಜನ ಬೇಕು. ದ್ವಿಚಕ್ರ ವಾಹನವಿರುವ ಯುವಕರು ಊಟದ ನಂತರ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಕೊಡಬೇಕಾಗಿ ವಿನಂತಿ. ಸಹೋದರಿಯರಿಗಾಗಿ ಪಕ್ಕದ ಕೋಣೆಯಲ್ಲಿ ಬೇರೆ ಪಟ್ಟಿಯಿದೆ. ಕತ್ತಲಾಗುವ ಮುನ್ನ ಕಾಡಿನ ದಾರಿಯನ್ನು ದಾಟಬೇಕಾದವರು ಮೊದಲು ಬರೆಸಿ ಹೊರಡಲಿ.